ಮನೆ ನೋಡಲು ಬಂದವರು

ಆ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ಆ ಚೂರು ಸಿಂಕಿನ ಜಾಲರಿಗೆ ಸಿಕ್ಕಿಕೊಳ್ಳದಂತೆ ಕಸದ ಬುಟ್ಟಿಗೆ ಹಾಕಿ, ಹಾಲನ್ನು ಒಲೆಗಿಟ್ಟೆ. ಅದು ಕಾಯುವಷ್ಟರಲ್ಲಿ ದೇವರ ಮುಂದಿನ ಹಿತ್ತಾಳೆ ಗಂಟೆಯನ್ನೂ ಆರತಿ ತಟ್ಟೆಯನ್ನೂ ಒರೆಸಿದೆ. ಆಮೇಲೆ ಅತ್ತೆಯನ್ನು ಎಬ್ಬಿಸಿ, ಗೋಡೆ ಹಿಡಿಸಿಕೊಂಡು ಬಚ್ಚಲಿಗೆ ಕರೆದೊಯ್ದು, ಬೆನ್ನಿಗೆ ಬಿಸಿನೀರು ಹಾಕಿದೆ. ನೀರು ಬಿದ್ದ ಕೂಡಲೇ ಅವರು ದಿನವೂ ಕೇಳುವ ಪ್ರಶ್ನೆ ಕೇಳಿದರು.

“ನೀ ಯಾರ ಪೈಕಿ ಅವ್ವಾ?”

“ನಾ ನಿಮ್ಮ ಸೊಸಿ ಅಲ್ರೀ ಅತ್ತೀ.”

“ಹೌದೇನು? ಹಂಗಾರ ನನ್ನ ಮಗಗ ಲಗ್ನ ಆತೇನು? ನನಗೊಬ್ಬರೂ ಹೇಳೇ ಇಲ್ಲ ನೋಡು.”

ಅವರ ಬಿಳಿ ಕೂದಲಿಗೆ ಎಣ್ಣೆ ಹಚ್ಚಿ ಸಣ್ಣ ಗಂಟು ಕಟ್ಟುವಾಗ ಇಬ್ಬರೂ ನಕ್ಕೆವು. ಇದು ನಮ್ಮ ಮನೆಯ ದಿನಚರಿ. ಆದರೆ ಆ ವಾರ ಅದಕ್ಕೆ ಇನ್ನೊಂದು ಕೆಲಸ ಸೇರಿಕೊಂಡಿತ್ತು. ಸ್ನಾನ ಮುಗಿದ ಮೇಲೆ, ಈ ಮನೆಯಲ್ಲಿ ಒಬ್ಬ ಮುದುಕಿ ಇದ್ದಾರೆಂಬ ಗುರುತುಗಳನ್ನೆಲ್ಲ ಮರೆಮಾಡುವುದು. ಔಷಧದ ಡಬ್ಬಿ ಫ್ರಿಜ್ಜಿನ ಹಿಂದೆ ಹೋಗುತ್ತಿತ್ತು. ಶೌಚಕ್ಕೆಂದು ತಂದ ತೂತಿರುವ ಕುರ್ಚಿ ಬಾಲ್ಕನಿಗೆ, ಅದರ ಮೇಲೊಂದು ಹಳೆಯ ಚಾದರ. ಒಣಗಲು ಹಾಕಿದ ಒಂಬತ್ತು ಗಜದ ಇಳಕಲ್ ಸೀರೆಯನ್ನು ಕೂಡ ತಂತಿಯ ಮೇಲಿಂದ ಎಳೆದುಕೊಳ್ಳುತ್ತಿದ್ದೆ. ನನ್ನ ವಯಸ್ಸಿನವರು ಅಂಥ ಸೀರೆ ಉಡುವುದಿಲ್ಲವೆಂದು ಯಾರಿಗಾದರೂ ಹೊಳೆದರೆ?

ನಾವಿದ್ದುದು ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯ ಬಾಡಿಗೆ ಮನೆ. ಸೊಂಟದ ಮೂಳೆ ಮುರಿದ ಅತ್ತೆಯನ್ನು ಆಸ್ಪತ್ರೆಯಿಂದ ಕುರ್ಚಿಯಲ್ಲಿ ಕೂಡಿಸಿ ಮೇಲೆ ಹೊತ್ತು ತಂದದ್ದೇ ಕೊನೆ, ಮತ್ತೆ ಅವರು ಕೆಳಗಿಳಿದಿರಲಿಲ್ಲ. ನೆನಪುಗಳು ಒಂದೊಂದಾಗಿ ಜಾರಿದ್ದವು; ಕೆಳಗೆ ಮಣ್ಣಿದೆ ಎಂಬುದೊಂದು ಉಳಿದಿತ್ತು. ಮೂರನೇ ಮಹಡಿಯ ಟೈಲ್ಸನ್ನು ಅವರು ನೆಲವೆಂದು ಒಪ್ಪುತ್ತಲೇ ಇರಲಿಲ್ಲ. “ಈ ಅಟ್ಟದ ಮ್ಯಾಲಿಂದ ನನ್ನ ಯಾರರೆ ಇಳಸ್ರವ್ವಾ” ಎಂದು ಕಿಟಕಿಯ ಸರಳು ಹಿಡಿದು ಕೆಳಗೆ ಹೋಗುವವರನ್ನು ಕರೆಯುತ್ತಿದ್ದರು. ಕೆಳಗಿನವರಿಗೆ ಕನ್ನಡ ತಿಳಿಯುತ್ತಿರಲಿಲ್ಲ. ಅಜ್ಜಿ ಮಾತಾಡಿಸುತ್ತಿದ್ದಾರೆಂದುಕೊಂಡು ಕೈ ಬೀಸಿ ಹೋಗುತ್ತಿದ್ದರು.

ಇದಕ್ಕೆ ಮೊದಲು ನಾವು ವಿಜಯವಾಡದ ಭವಾನಿಪುರಂನಲ್ಲಿದ್ದೆವು. ಅಲ್ಲಿ ನಮ್ಮದು ನೆಲಮಟ್ಟದ ಮನೆ. ಸಂಜೆ ಕೃಷ್ಣೆಯ ಕಡೆಯಿಂದ ಗಾಳಿ ಬಂದರೆ ಅತ್ತೆ ಬರಿಗಾಲಲ್ಲೇ ಓಣಿಯ ತುದಿಯವರೆಗೆ ಹೋಗಿ, ಭಾಷೆ ಬಾರದಿದ್ದರೂ ಅಲ್ಲಿನ ಹೆಂಗಸರ ಜೊತೆ ಕೂತು ಹರಟಿ ಬರುತ್ತಿದ್ದರು. ಬ್ಯಾಂಕಿನವರ ಹೆಂಡತಿಗೆ ಊರಿನ ಮೇಲೆ ಆಸೆ ಇಟ್ಟುಕೊಳ್ಳುವ ಹಕ್ಕಿಲ್ಲ. ವಿಶಾಖಪಟ್ಟಣಕ್ಕೆ ವರ್ಗವಾಯಿತು, ಬಂದೆವು. ಈಗ ನನ್ನವರನ್ನು ಮತ್ತೆ ಅತ್ತಲೇ, ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂ ಶಾಖೆಗೆ ಹಾಕಿದ್ದರು. ಅವರು ಭವಾನಿಪುರಂನಲ್ಲಿ ಒಂದು ಕೋಣೆ ಹಿಡಿದು, ರಜೆ ಸಿಕ್ಕಾಗ ರೈಲಿಗೆ ಬರುತ್ತಿದ್ದರು. ಈ ಸಲ ಅತ್ತೆಯನ್ನು ಹೊತ್ತು ತಿರುಗುವ ಹಾಗಿರಲಿಲ್ಲ. ಡಾಕ್ಟರು, ಆಸ್ಪತ್ರೆ ಎಲ್ಲ ಇಲ್ಲೇ. ಇದೇ ಊರಿನಲ್ಲಿ, ನೆಲಮಟ್ಟದಲ್ಲಿ, ನಮ್ಮದೇ ಒಂದು ಮನೆ ಬೇಕಿತ್ತು.

ಆಗ ಸಿಕ್ಕಿದ್ದು ಆ ಮನೆ. ವಾಲ್ತೇರ್ ಅಪ್‌ಲ್ಯಾಂಡ್ಸ್‌ನ ಏರಿನಲ್ಲಿ, ದೊಡ್ಡವರ ಬಂಗಲೆಗಳ ನಡುವೆ, ಎರಡನೇ ಮಹಾಯುದ್ಧಕ್ಕೂ ಮೊದಲೇ ಕಟ್ಟಿದ ಮೂರಂತಸ್ತಿನ ಕಟ್ಟಡದ ನೆಲಮಟ್ಟದಲ್ಲಿ. ಹಿಂದೆ ಬಾಡಿಗೆಗಿದ್ದವರೇ ಸೇರಿ ಸಹಕಾರ ಸಂಘ ಮಾಡಿಕೊಂಡು ಆ ಕಟ್ಟಡವನ್ನು ಕೊಂಡಿದ್ದರಂತೆ. ಅಲ್ಲಿ ಮನೆ ಮಾರಾಟಕ್ಕೆ ಬಂದರೆ ಬೋರ್ಡು ಹಾಕುವುದಿಲ್ಲ, ಬಾಯಿಂದ ಬಾಯಿಗೆ ಸುದ್ದಿ ಹೋಗುತ್ತದೆ. ನನ್ನವರ ಸಹೋದ್ಯೋಗಿಯೊಬ್ಬರ ಮೂಲಕ ನಮ್ಮ ಕಿವಿಗೂ ಬಿತ್ತು. ಅತ್ತೆಯನ್ನು ಎದುರು ಮನೆಯಾಕೆಗೆ ಒಪ್ಪಿಸಿ ನಾವಿಬ್ಬರೂ ನೋಡಿಬಂದೆವು.

ಕಾಲಿಟ್ಟೊಡನೆ ಕೆಂಪು ಗಾರೆಯ ತಣ್ಣನೆ ನೆಲ. ತಲೆಯೆತ್ತಿ ನೋಡುವಷ್ಟು ಎತ್ತರದ ಸೂರು. ಮೇಲಿನ ಗವಾಕ್ಷಿಯ ಗಾಜುಗಳಲ್ಲಿ ಒಂದು ಕಪ್ಪಗಿತ್ತು. ವಿಮಾನಗಳಿಗೆ ಬೆಳಕು ಕಾಣಬಾರದೆಂದು ಯುದ್ಧಕಾಲದಲ್ಲಿ ಬಳಿದ ಬಣ್ಣ, ಅದೊಂದನ್ನು ಹಾಗೇ ಉಳಿಸಿದ್ದಾರಂತೆ. ಮುಂಬಾಗಿಲಿಗೆ ತೇಗದ ಹೊಸಿಲು, ಗೇಣಿಗಿಂತ ಎತ್ತರ. ನಾನು ಎಡವಿದೆ. ಮಾರುತ್ತಿದ್ದ ವಯಸ್ಸಾದ ಹೆಂಗಸು ನಕ್ಕು, “ಈ ಕಟ್ಟಡದಲ್ಲಿ ಎಲ್ಲ ಮನೆಗೂ ಹೀಗೇನೇ. ಬಂದವರೆಲ್ಲ ಮೊದಲ ದಿನ ಎಡವುತ್ತಾರೆ” ಎಂದರು. ಅವರು ಆಡಿದ್ದು ತೆಲುಗಿನಲ್ಲಿ. ಇಲ್ಲಿ ಬರುವ ತೆಲುಗು ಮಾತುಗಳನ್ನೆಲ್ಲ ನನಗೆ ಕೇಳಿಸಿದಂತೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇಷ್ಟೆತ್ತರಕ್ಕೆ ಅತ್ತೆ ಕಾಲೆತ್ತುವುದು ಹೇಗೆಂದು ನಾನು ಯೋಚಿಸುತ್ತ ನಿಂತೆ. ಆದರೆ ಹೊಸಿಲಿನಾಚೆ ಎರಡೇ ಮೆಟ್ಟಿಲು, ಅದರಾಚೆ ಪಾರಿಜಾತದ ಗಿಡದ ಕೆಳಗೆ ಒದ್ದೆ ಮಣ್ಣು.

ಸಂಘದ ಕಾರ್ಯದರ್ಶಿ ನಿವೃತ್ತ ಅಧಿಕಾರಿ, ಮೆತ್ತಗೆ ಮಾತಾಡುವವರು. “ನಮ್ಮಲ್ಲಿ ಎಲ್ಲ ಶಾಂತ ಜನ ಅಮ್ಮಾ. ಹಳೇ ಕಟ್ಟಡ, ಚಮಚ ಬಿದ್ದರೂ ಎಲ್ಲರಿಗೂ ಕೇಳುತ್ತೆ. ಹಿಂದೆ ಒಬ್ಬರು ತುಂಬಾ ಆಸೆಪಟ್ಟು ಬಂದಿದ್ದರು. ಅವರ ತಂದೆಗೆ ಸ್ವಲ್ಪ ಮರೆವು, ಹೊತ್ತಲ್ಲದ ಹೊತ್ತಿಗೆ ಕೂಗುತ್ತಾರೆ ಅಂತ ತಿಳೀತು. ಬೇಡ ಅಂದೆವು. ಏನು ಮಾಡೋದು? ನಿಮ್ಮ ಮನೆಯಲ್ಲಿ ಎಷ್ಟು ಜನ?”

ನಾನು ಬಾಯಿ ತೆರೆಯುವ ಮೊದಲೇ ನನ್ನವರು ಹೇಳಿಬಿಟ್ಟರು: “ನಾವಿಬ್ಬರೇ ಸರ್. ಅಮ್ಮ ಊರಿಂದ ಆಗಾಗ ಬಂದುಹೋಗ್ತಾರೆ.”

ನಾನು ಗವಾಕ್ಷಿಯ ಕಪ್ಪು ಗಾಜನ್ನೇ ನೋಡುತ್ತ ನಿಂತಿದ್ದೆ.

ಹೊರಡುವಾಗ ಕಾರ್ಯದರ್ಶಿ ಇನ್ನೊಂದು ವಿಷಯ ತಿಳಿಸಿದರು. ಕೊಳ್ಳುವವರು ಈಗಿರುವ ಮನೆಗೆ ಸಂಘದ ಇಬ್ಬರು ಹೆಂಗಸರು ಮುಂದಾಗಿ ಹೇಳದೆ ಹೋಗಿ, ಹೇಗೆ ಬಾಳುತ್ತಾರೆಂದು ನೋಡಿ ಬರುವುದು ಅಲ್ಲಿ ಮೊದಲಿನಿಂದ ನಡೆದುಬಂದ ಪದ್ಧತಿ. ಅವರು ಹೂಂ ಎಂದರೆ ಮನೆ, ಇಲ್ಲವೆಂದರೆ ಇಲ್ಲ. ಮುಂದಿನ ಸಭೆಯ ಒಳಗೆ ಯಾವತ್ತಾದರೂ ಬರಬಹುದು. “ಹೆಣ್ಣು ನೋಡೋ ಹಾಗೆ ಅಂದುಕೊಳ್ಳಿ” ಎಂದು ತಮಾಷೆ ಮಾಡಿದರು.

ಹೆಣ್ಣು ನೋಡುವುದೆಂದರೆ ಏನೆಂದು ಅದನ್ನು ಅನುಭವಿಸಿದವರಿಗೆ ಗೊತ್ತು. ಹುಬ್ಬಳ್ಳಿಯಲ್ಲಿ ನನ್ನನ್ನು ನೋಡಲು ಬಂದ ದಿನ ಉಪ್ಪಿಟ್ಟಿನ ತಟ್ಟೆ ನನ್ನ ಕೈಯಲ್ಲಿ ಎಷ್ಟು ನಡುಗಿತೆಂದರೆ, ಅಂದು ಹುಡುಗನ ತಾಯಿಯಾಗಿ ಬಂದಿದ್ದ ಇದೇ ಅತ್ತೆ ಎದ್ದು ಬಂದು ತಟ್ಟೆ ಇಸಿದುಕೊಂಡಿದ್ದರು. “ಕುಂಡ್ರವಾ, ನಾವೇನು ಹುಲಿ ಅಲ್ಲ” ಎಂದಿದ್ದರು.

ಹಾಗೆ ವಾರ ಕಳೆಯುತ್ತ ಬಂತು, ಯಾರೂ ಬರಲಿಲ್ಲ. ಮೊದಲು ಹೇಳಿದ ಆ ಬೆಳಿಗ್ಗೆಯ ಮರುದಿನವೇ ಸಭೆ. ತಿಂಡಿಯ ಹೊತ್ತಿಗೆ ನನ್ನವರ ಫೋನು ಬಂತು.

“ಇವತ್ತ ಬಂದ ಬರ್ತಾರ ನೋಡು. ಬೇರೆ ದಿನಾನ ಇಲ್ಲ ಅವರಿಗೆ. ಅವ್ವನ್ನ ಒಳಗ ಮಲಗಸು.”

“ಮಲಗೂದಿಲ್ಲ ಅಂದ್ರ ಏನ ಮಾಡ್ಲಿ?”

“ಬಾಳೆಹಣ್ಣು ಕೊಡು. ಬಾಗಲಾ ಮುಂದ ಮಾಡು. ಒಂದ ಹತ್ತು ಮಿನಿಟು ಸುಮ್ಮ ಕುಂತ್ರ ಸಾಕು. ಅವಳ ಸಲುವಾಗೇ ಅಲ್ಲೇನು ಇದೆಲ್ಲಾ?”

“ಅಲ್ರೀ, ನಾಳೆ ಅಲ್ಲಿಗೆ ಹ್ವಾದ ಮ್ಯಾಲೆ ಗೊತ್ತಾಗೂದಿಲ್ಲೇನು?”

“ಒಳಗ ಹ್ವಾದ ಮ್ಯಾಲೆ ಹೊರಗ ಹಾಕಾಕ ಬರೂದಿಲ್ಲ. ನೀ ಹೆದರಿ ಕೆಡಸಬ್ಯಾಡ ಅಷ್ಟ.”

ಹೆದರಬೇಡ ಎಂದು ಹೇಳುವವರೇ ನನ್ನನ್ನು ಹೆಚ್ಚು ಹೆದರಿಸಿದ್ದಾರೆ. ಫೋನಿಟ್ಟ ಮೇಲೆ ಪ್ರತಿ ಸದ್ದಿಗೂ ಕಿವಿಗೊಡತೊಡಗಿದೆ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದರೆ ಕೈಯಲ್ಲಿದ್ದುದನ್ನು ಬಿಟ್ಟು ನಿಲ್ಲುತ್ತಿದ್ದೆ. ಒಮ್ಮೆ ಕರೆಗಂಟೆ ಬಾರಿಸಿದ್ದು ಗ್ಯಾಸ್ ಸಿಲಿಂಡರಿನವನು. ಅವನ ಮುಂದೆಯೂ ನಾನು ಸೆರಗು ಸರಿಮಾಡಿಕೊಂಡು ನಗುತ್ತ ನಿಂತಿದ್ದೆನೇನೋ, “ಏನಾದರೂ ವಿಶೇಷವಾ ಅಮ್ಮಾ?” ಎಂದು ಕೇಳಿ ಹೋದ.

ಊಟವಾಗಿ ಅತ್ತೆ ಹಾಲ್‌ನಲ್ಲಿ ಕುರ್ಚಿಯ ಮೇಲೆ ಕೂತು ಅಡಿಕೆ ಜಜ್ಜುತ್ತಿದ್ದರು. ಕರೆಗಂಟೆ ಸದ್ದಾಯಿತು. ಬಾಗಿಲ ಕಿಂಡಿಯಲ್ಲಿ ನೋಡಿದರೆ ಗಂಜಿ ಹಾಕಿದ ಕಾಟನ್ ಸೀರೆಯ ಇಬ್ಬರು. ಒಬ್ಬರು ಎತ್ತರ, ದಪ್ಪ ಕನ್ನಡಕ. ಇನ್ನೊಬ್ಬರು ಗಿಡ್ಡ, ಮೇಲುಸಿರು ಬಿಡುತ್ತ ಮೆಟ್ಟಿಲ ಕಡೆ ತಿರುಗಿ ನೋಡುತ್ತಿದ್ದರು. ಇವರೇ.

“ಅತ್ತೀ, ಏಳ್ರಿ, ಒಳಗ ಹೋಗೂಣ” ಎಂದು ಪಿಸುಗುಟ್ಟಿದೆ.

“ಯಾಕ? ಮಂದಿ ಬಂದ್ರ ನಾ ಯಾಕ ಒಳಗ ಕುಂಡ್ರಲಿ? ಮೈಲಗಿ ಆಗೇನಿ ಏನು?”

ಅವರ ತೋಳು ಹಿಡಿದು ಎಬ್ಬಿಸಿದೆ. ನನ್ನ ಕೈ ಬಿಗಿಯಾಯಿತೇನೋ, ಅವರು ಒಮ್ಮೆ ನನ್ನ ಮುಖ ನೋಡಿದರು. ಕೋಣೆಯ ಮಂಚದ ಮೇಲೆ ಕೂಡಿಸಿ, ಮಡಿಲಿಗೆ ಬಾಳೆಹಣ್ಣು ಹಾಕಿ, ಬಾಗಿಲು ಮುಂದೆ ಮಾಡಿ ಬಂದೆ. ಅಡಿಕೆಯ ಹುಡಿಯನ್ನು ಕಾಲಿನಿಂದಲೇ ಕುರ್ಚಿಯ ಕೆಳಗೆ ತಳ್ಳಿದೆ.

ಬಂದವರು ಸಭ್ಯರು. ನೀರು ಕುಡಿದರು. ಎತ್ತರದವರು ಅಡುಗೆಮನೆಯ ಬಾಗಿಲಲ್ಲೇ ನಿಂತು, ಒಳಗೆ ಬರಲೇ ಎಂದು ಕೇಳಿ ಬಂದರು. ಡಬ್ಬಿಗಳನ್ನು ನೋಡಿದರು, ತಲೆಯಾಡಿಸಿದರು. ಗಿಡ್ಡನೆಯವರು ನಾನು ಎಲ್ಲಿ ಓದಿದ್ದೆಂದು ವಿಚಾರಿಸಿದರು. ಕಾನ್ವೆಂಟಿನಲ್ಲಿ ಸಿಸ್ಟರ್ ಮುಂದೆ ಪಾಠ ಒಪ್ಪಿಸುವಾಗಿನಂತೆ ನಾನು ಕೈ ಹಿಂದೆ ಕಟ್ಟಿ ನಿಂತು ಉತ್ತರ ಹೇಳುತ್ತಿದ್ದೆನೆಂದು ಆಮೇಲೆ ಗಮನಕ್ಕೆ ಬಂತು.

“ಆ ರೂಮು?” ಎತ್ತರದವರು ಮುಚ್ಚಿದ ಬಾಗಿಲು ತೋರಿಸಿದರು.

“ಅಲ್ಲಿ ಬಟ್ಟೆ ಹರಡಿದೆ. ಮಡಚೋದಕ್ಕೆ ಆಗಿಲ್ಲ” ಎಂದೆ.

ಹೇಳಿ ಮುಗಿಸಿದ್ದೆನೋ ಇಲ್ಲವೋ, ಒಳಗಿಂದ ಟಕ್ಕೆಂದು ಸದ್ದಾಯಿತು. ಚಿಲಕ ಬಿದ್ದ ಸದ್ದು. ಬಚ್ಚಲಿನ ಒಳಚಿಲಕವನ್ನು ಎಂದೋ ತೆಗೆಸಿದ್ದೆವು. ಕೋಣೆಯದನ್ನು ತೆಗೆಸಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ, ಅತ್ತೆ ಯಾವತ್ತೂ ಆ ಬಾಗಿಲು ಹಾಕಿಕೊಂಡವರೇ ಅಲ್ಲ. ಹಿಂದೆಯೇ ಸ್ಟೀಲಿನ ಚೊಂಬು ಬಿದ್ದು ದೂರದವರೆಗೆ ಉರುಳಿತು. ಆಮೇಲೆ ಸದ್ದೇ ಇಲ್ಲ.

ಆ ಕ್ಷಣ ಮನೆ, ಸಂಘ, ಸಭೆ ಯಾವುದೂ ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಾಯಿತು. ಬೆಕ್ಕು ಎಂದು ಹೇಳಬಹುದೆನ್ನುವುದೂ ಹೊಳೆಯಿತು. ನಂತರ ನೀರು ಕಾಣಿಸಿತು. ಬಾಗಿಲ ಸಂದಿಯಿಂದ ತೆಳ್ಳಗೆ ಹಾಲ್‌ಗೆ ಹರಿದು ಬರುತ್ತಿತ್ತು. ಒದ್ದೆ ಟೈಲ್ಸು, ಬೆಸೆದ ಸೊಂಟ.

“ಅತ್ತೀ!” ಓಡಿ ಹೋಗಿ ಬಾಗಿಲು ಬಡಿದೆ. “ಅತ್ತೀ, ನಾ ಅದೀನ್ರೀ. ಚಿಲಕಾ ತಗೀರಿ. ಅಲ್ಲೇ ನಿಲ್ರಿ, ನೀರೈತಿ, ನಡೀಬ್ಯಾಡ್ರಿ!”

ನಿಲ್ಲಿ ಎನ್ನಬೇಕೋ ತೆಗೆಯಿರಿ ಎನ್ನಬೇಕೋ ತಿಳಿಯದೆ ಎರಡನ್ನೂ ಕೂಗುತ್ತಿದ್ದೆ. ನನ್ನ ಕೂಗಿಗೆ ಎದುರು ಮನೆಯಾಕೆ ಸೌಟು ಹಿಡಿದೇ ಓಡಿ ಬಂದಳು. ನನ್ನನ್ನು ವದಿನಾ, ಅಂದರೆ ಅತ್ತಿಗೆ ಎಂದು, ಅತ್ತೆಯನ್ನು ಮಾಮ್ಮಗಾರು, ಅಂದರೆ ಅಜ್ಜಿಯವರೆಂದು ಕರೆಯುವ ಅವಳ ಬಾಯಿಗೆ ಬೀಗವಿಲ್ಲ.

“ಏನಾಯ್ತು ವದಿನಾ? ಮಾಮ್ಮಗಾರು ಚಿಲಕ ಹಾಕ್ಕೊಂಡ್ರಾ? ಅಯ್ಯೋ, ಎರಡು ವರ್ಷದಿಂದ ಆ ಮಂಚ, ಈ ಕಿಟಕಿ ಬಿಟ್ಟರೆ ಬೇರೇನೂ ಕಂಡಿಲ್ಲ ಪಾಪ!”

ಬಂದವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಎರಡು ವರ್ಷ. ಎಲ್ಲ ಮುಗಿಯಿತು ಎಂದುಕೊಂಡೆ. ಹಾಗಂದುಕೊಂಡ ಮೇಲೆ ಉಳಿದದ್ದು ಬಾಗಿಲಿನ ಆಚೆಯ ಭಯವೊಂದೇ. ಎತ್ತರದವರು ಕನ್ನಡಕ ತೆಗೆದು ಬಾಗಿಲಿಗೆ ಕಿವಿಯಿಟ್ಟರು. “ಸದ್ದು ಮಾಡಬೇಡಿ. ಉಸಿರು ಕೇಳ್ತಿದೆ. ಬಾಗಿಲ ಹತ್ತಿರಾನೇ ಇದ್ದಾರೆ.”

ಆಗ ಒಳಗಿಂದ ಸಣ್ಣ ಧ್ವನಿ ಬಂತು. “ಯಾರೂ ಇಲ್ಲೇನವ್ವಾ ಇಲ್ಲೆ? ನನ್ನ ಯಾಕ ಕೂಡಿ ಹಾಕೀರಿ?”

“ಚಿಲಕಾ ಸರಸ್ರಿ ಅತ್ತೀ. ನಿಮ್ಮ ಕೈ ಹತ್ರ ಐತಿ.”

“ಚಿಲಕಾ ಅಂದ್ರ?”

ವಸ್ತುವೇ ಮರೆತುಹೋದವರಿಗೆ ಅದನ್ನು ವಿವರಿಸುವುದು ಹೇಗೆ? ಬಡಗಿಗೆ ಫೋನು ಮಾಡಲು ಎದುರು ಮನೆಯಾಕೆ ಓಡಿದಳು. ನಾನು ಬಾಗಿಲಿಗೆ ಹಣೆಯೊತ್ತಿ ನಿಂತೆ. ಬಾಲ್ಯದಲ್ಲಿ ಸಿಸ್ಟರ್ ಕಲಿಸಿದ ಇಂಗ್ಲಿಷ್ ಪ್ರಾರ್ಥನೆ ತುಟಿಯ ಮೇಲೆ ತಾನಾಗಿ ಓಡುತ್ತಿತ್ತು. ಓರೆಗಣ್ಣಿಗೆ ದೇವರ ಮುಂದೆ ಬೆಳಿಗ್ಗೆ ಒರೆಸಿಟ್ಟ ಗಂಟೆ ಕಾಣಿಸಿತು.

ಅತ್ತೆ ಮಗನ ಹೆಸರು ಮರೆಯುತ್ತಿದ್ದರು, ಊಟ ಮಾಡಿದ್ದು ಮರೆಯುತ್ತಿದ್ದರು. ಆದರೆ ಆರತಿಯ ಗಂಟೆ ಕೇಳಿದರೆ ಮಲಗಿದ್ದರೂ ಎದ್ದು, ಆರತಿ ತೆಗೆದುಕೊಳ್ಳಲು ಕೈ ಚಾಚಿಕೊಂಡು ಬರುತ್ತಿದ್ದರು. ಒಂದು ದಿನವೂ ತಪ್ಪಿಸಿದ್ದಿಲ್ಲ.

ನಡುಮಧ್ಯಾಹ್ನ. ತಟ್ಟೆಯಲ್ಲಿ ಕರ್ಪೂರ ಇಟ್ಟೆ. ಕಡ್ಡಿ ಗೀರಲು ಹೋದರೆ ಎರಡು ಸಲ ಮುರಿಯಿತು. ಗಿಡ್ಡನೆಯವರು ಪೊಟ್ಟಣ ಇಸಿದುಕೊಂಡು ಹಚ್ಚಿದರು. ಗಂಟೆ ನನ್ನ ಕೈಯಲ್ಲಿ ಬರೀ ಗಡಗಡ ಎನ್ನುತ್ತಿತ್ತು. ಎತ್ತರದವರು ಏನೂ ಕೇಳದೆ ಅದನ್ನು ತೆಗೆದುಕೊಂಡು, ದೇವಸ್ಥಾನದಲ್ಲಿ ಬಾರಿಸುವ ಹಾಗೆ ನಿಧಾನವಾಗಿ, ಬಿಡದೆ ಬಾರಿಸತೊಡಗಿದರು.

“ಮಂಗಳಾರತಿ ತಗೊಳ್ಳಾಕ ಬರ್ರಿ ಅತ್ತೀ” ಎಂದು ದಿನದ ಧ್ವನಿಯಲ್ಲೇ ಕರೆಯಲು ನೋಡಿದೆ.

ಒಳಗೆ ಬಳೆ ಸದ್ದು ಮಾಡಿದವು. ಬಾಗಿಲನ್ನು ಕೈ ತಡವುವುದು ಕೇಳಿಸಿತು. ಮನಸ್ಸಿಗೆ ಮರೆತದ್ದು ಬೆರಳಿಗೆ ನೆನಪಿತ್ತೋ ಏನೋ, ಚಿಲಕ ಸರಿಯಿತು. ಅತ್ತೆ ಸೀರೆಯ ಅಂಚು ನೆನೆಸಿಕೊಂಡು, ಹಾಸಿಗೆಯ ದಿಂಬನ್ನು ಕಂಕುಳಲ್ಲಿ ಹಿಡಿದು ನಿಂತಿದ್ದರು. ನೇರ ಬಂದು, ಬೆಂಕಿಯ ಮೇಲೆ ಕೈಯಾಡಿಸಿ ಕಣ್ಣಿಗೊತ್ತಿಕೊಂಡರು. ಆಮೇಲೆ ಮಂದಿ ಇರುವುದು ಕಂಡಿತು.

“ಏನ ಹುಡುಗಿ ನೀನು! ಬಂದವರನ್ನ ನಿಲ್ಲಿಸಿಕೊಂಡು ನಿಂತೀಯಲ್ಲ, ಚಾ ಕೊಟ್ಟೀಯೇನು? ಕುಂಡರ್ರಿ ತಂಗೆರಾ, ಕುಂಡರ್ರಿ.” ಇಬ್ಬರ ಕೈಯನ್ನೂ ಹಿಡಿದು ಕೂಡಿಸಿದರು. ಗಂಜಿ ಸೀರೆಗಳನ್ನು ಮೇಲಿಂದ ಕೆಳಗೆ ನೋಡಿ, ಧ್ವನಿ ತಗ್ಗಿಸಿದರು. “ಹುಡುಗಿ ನೋಡಾಕ ಬಂದೀರಲ್ಲ? ಮುಚ್ಚಿಡೂದು ಏನೈತಿ, ಇದ್ದದ್ದ ಹೇಳ್ತೀನಿ. ಕಾನ್ವೆಂಟಿನ್ಯಾಗ ಕಲ್ತಾಳ. ಮಾತು ಕಡಿಮಿ, ಕೆಲಸಾ ಭಾಳ. ಹೆದರಿಕಿ ಒಂದ ಸ್ವಲ್ಪ ಜಾಸ್ತಿ. ನೀವು ಗದರಬ್ಯಾಡ್ರಿ, ಕೈ ಹಿಡಕೊಂಡು ಹೇಳ್ರಿ, ಕಲೀತಾಳ. ನನಗ ಇಕಿ ಭಾಳ ಬೇಕಾದಾಕಿ.”

“ಏನಂತಾರೆ?” ಎಂದು ಎತ್ತರದವರು ನನ್ನನ್ನು ಕೇಳಿದರು.

ನಾನು ಇದ್ದದ್ದು ಇದ್ದ ಹಾಗೆ ತೆಲುಗಿನಲ್ಲಿ ಹೇಳಿದೆ. ಹೇಳುತ್ತ ಹೇಳುತ್ತ, ಇವರು ಬಂದುಹೋಗುವವರಲ್ಲ, ಇಲ್ಲೇ ಇರುವವರು, ಒಮ್ಮೊಮ್ಮೆ ಕಿಟಕಿಯಲ್ಲಿ ಕೂಗುತ್ತಾರೆ ಎಂಬುದನ್ನೂ ಹೇಳಿದೆ. ಬಂದವರು ಗದರಲಿಲ್ಲ, ಪರವಾಗಿಲ್ಲವೆಂದೂ ಅನ್ನಲಿಲ್ಲ. ಚಹಾ ಕುಡಿದರು. ಅತ್ತೆ ಕೊಟ್ಟ ಬಾಳೆಹಣ್ಣನ್ನು ಗಿಡ್ಡನೆಯವರು ಚೀಲಕ್ಕೆ ಹಾಕಿಕೊಂಡರು.

“ಹೋಗಿ ತಿಳಿಸ್ತೀವಿ ಅಮ್ಮಾ” ಎಂದು ಎದ್ದರು. ಹೆಣ್ಣು ನೋಡಲು ಬಂದವರು, ಒಪ್ಪಿಗೆಯಾಗದಿದ್ದಾಗ ಹೇಳಿ ಹೋಗುವುದೂ ಅದನ್ನೇ.

ಬಡಗಿ ಬಂದು ಚಿಲಕ ಕಿತ್ತು ಹೋದ. ನನ್ನವರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಹಿಂದೆ ಯಾರೋ ನಗುವುದು, ಲಾರಿಯ ಹಾರ್ನು ಕೇಳಿಸುತ್ತಿತ್ತು.

“ಅವ್ವಗ ಪೆಟ್ಟಾಗಿಲ್ಲಲ್ಲ?”

“ಇಲ್ರೀ.”

“ಆತ ಬಿಡು. ಬ್ಯಾರೆ ನೋಡೂಣು.” ಬೇರೆ ಇಲ್ಲವೆಂದು ಅವರಿಗೂ ಗೊತ್ತಿತ್ತು.

ಸಂಜೆಯ ಹೊತ್ತಿಗೆ ಔಷಧದ ಡಬ್ಬಿಯನ್ನು ಅದರ ಜಾಗಕ್ಕೆ ತಂದಿಟ್ಟೆ. ಕುರ್ಚಿಯ ಮೇಲಿನ ಚಾದರ ತೆಗೆದೆ. ಇಳಕಲ್ ಸೀರೆಯನ್ನು ಮತ್ತೆ ತಂತಿಗೆ ಹಾಕಿದೆ. ಅತ್ತೆ ಕಿಟಕಿಯ ಸರಳು ಹಿಡಿದು ಕೂತು, ಕೆಳಗೆ ಹೋಗುವವರನ್ನು ಕರೆಯುತ್ತಿದ್ದರು. ಅವರನ್ನು ಸುಮ್ಮನಿರಿಸಲಿಲ್ಲ. ನಾಳೆಯ ಸಭೆಯಲ್ಲಿ ಬಂದುಹೋದ ಆ ಇಬ್ಬರು ಏನೆಂದು ಹೇಳಬಹುದೆಂದು ಮಾತ್ರ ಯೋಚಿಸುತ್ತಿದ್ದೆ. ಸುಳ್ಳು ಹೇಳಿದವರು ಎಂದೋ, ಮುದುಕಿಯನ್ನು ಕೂಡಿ ಹಾಕಿದವಳು ಎಂದೋ.

ಎದುರು ಮನೆಯಾಕೆ ಬಟ್ಟಲಲ್ಲಿ ಪಪ್ಪು, ಅಂದರೆ ತೊವ್ವೆ ತಂದಳು. ಕೊಟ್ಟು ತಿರುಗಿದವಳು ಬಾಗಿಲಲ್ಲಿ ನಿಂತು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಂದಳು:

“ಹ್ಞಾ ವದಿನಾ, ಮಧ್ಯಾಹ್ನದ ಆ ಇಬ್ಬರು ಯಾರು? ಮೊಸರು ತರೋಣ ಅಂತ ಅವರ ಹಿಂದೇನೇ ಇಳೀತಿದ್ದೆ. ‘ಹೊಸಿಲು ಅಷ್ಟೆತ್ತರ, ಅಜ್ಜಿಗೆ ಕಾಲಿಡೋಕೆ ಮರದ್ದೊಂದು ಮೆಟ್ಟಿಲು ಮಾಡಿಸಿಡಬೇಕು’ ಅಂತ ಕೆಳಗಿನವರೆಗೂ ಅದೇ ಮಾತು. ವಿಚಿತ್ರ ಜನ ಬಿಡಿ, ನಿಮ್ಮ ಮನೆಗೆ ಹೊಸಿಲೇ ಇಲ್ಲವಲ್ಲ!”